ಗಣಕಯಂತ್ರವು ತಾನಾಗಿ ನಿಂತಾಗ

ಇಚಲಕರಂಜಿಯಲ್ಲಿ ಯಂತ್ರಮಗ್ಗಗಳ ಸಪ್ಪಳವನ್ನು ಕೇಳುತ್ತ ಬೆಳೆದ ಮಕ್ಕಳಿಗೆ ಒಂದು ಸಂಗತಿಯು ಚೆನ್ನಾಗಿ ಗೊತ್ತಿರುತ್ತದೆ. ಲಾಳಿಯು ಎಡಬಲಕ್ಕೆ ಓಡುತ್ತಿರುವಾಗ ಹೊಕ್ಕಿನ ಎಳೆಯು ಹರಿಯಿತೆಂದರೆ ಮಗ್ಗವು ತಾನಾಗಿಯೇ ನಿಲ್ಲುತ್ತದೆ. ಎಳೆಯು ಇದೆಯೋ ಇಲ್ಲವೋ ಎಂಬುದನ್ನು ಮುಟ್ಟಿ ನೋಡುವ ಸಣ್ಣದೊಂದು ಕವಲುಕಡ್ಡಿಯನ್ನು ಅದರಲ್ಲಿ ಜೋಡಿಸಿರುತ್ತಾರೆ. ಎಳೆಯು ಸಿಕ್ಕದಿದ್ದರೆ ಆ ಕಡ್ಡಿಯೇ ಮಗ್ಗವನ್ನು ತಡೆಯುತ್ತದೆ. ಹಾಗೆ ತಡೆಯದೆ ಹೋದರೆ ಮಗ್ಗವು ಬರಿಯ ಹಾಸನ್ನೇ ಮುಂದಕ್ಕೆ ತಳ್ಳುತ್ತ ಬಟ್ಟೆಯನ್ನು ಕೆಡಿಸುತ್ತಿತ್ತು. ಈ ಊರಿಗೆ ಮೊದಲ ಯಂತ್ರಮಗ್ಗವು ಬಂದುದು 1904ರಲ್ಲಿ. ಅಂದಿನಿಂದ ಇಂದಿನವರೆಗೆ ಮಗ್ಗವು ನಿಂತಿತೆಂದು ಯಾವ ನೇಕಾರನೂ ಅದನ್ನು ಬಿಚ್ಚಿ ಎಸೆದಿಲ್ಲ. ಎಳೆಯೆಲ್ಲಿ ಹರಿಯಿತೆಂದು ನೋಡುತ್ತಾನೆ, ಸರಿಪಡಿಸುತ್ತಾನೆ, ಮತ್ತೆ ನಡೆಸುತ್ತಾನೆ. ತನ್ನಿಂದಾಗದಿದ್ದರೆ ಜಾಬರನನ್ನು ಕರೆಯುತ್ತಾನೆ.

ಇಷ್ಟು ಸಮಾಧಾನವು ಗಣಕಯಂತ್ರದ ಮುಂದೆ ಕುಳಿತಾಗ ನಮ್ಮಲ್ಲಿ ಉಳಿಯುವುದಿಲ್ಲ. ಕೆಲಸವು ನಡೆದಿರುವಾಗಲೇ ಪರದೆಯೆಲ್ಲವೂ ನೀಲಿಯಾಗಿ, ಇಂಗ್ಲಿಷಿನ ನಾಲ್ಕು ಸಾಲುಗಳು ಮೂಡಿ, ಯಂತ್ರವು ಸ್ತಬ್ಧವಾಯಿತೆಂದರೆ ಮಕ್ಕಳು ಗಾಬರಿಯಾಗುತ್ತಾರೆ. ಹಿರಿಯರು ಮಕ್ಕಳನ್ನು ಗದರಿಸುತ್ತಾರೆ. ಶಿಷ್ಯವೃತ್ತಿಯ ಅರ್ಜಿಯು ಅರ್ಧಕ್ಕೆ ನಿಂತಿರುತ್ತದೆ; ತುಂಬುವ ಅವಧಿಯು ಆ ದಿನವೇ ಮುಗಿಯುವುದಿರುತ್ತದೆ. ಆ ಅವಸರದಲ್ಲಿ ಯಾರೋ ಹೇಳಿದರೆಂದು ಯಾವುದೋ ಗುಂಡಿಯನ್ನು ಒತ್ತಿ, ಯಂತ್ರವು ಕೆಡಿಸದೆ ಉಳಿಸಿದ್ದನ್ನು ತಾವೇ ಅಳಿಸಿಬಿಡುವವರುಂಟು. ಆದ್ದರಿಂದ ಯಂತ್ರವು ಹೀಗೇಕೆ ನಿಲ್ಲುತ್ತದೆ, ನಿಂತಾಗ ಯಾವ ಕ್ರಮದಿಂದ ನಡೆಯಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಗಣಕಯಂತ್ರದಲ್ಲಿ ನಾವು ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಮಾಡುವ ತಂತ್ರಾಂಶಗಳು ಅನೇಕವಿರುತ್ತವೆ. ಇವೆಲ್ಲಕ್ಕೂ ಯಂತ್ರದ ಸ್ಮೃತಿ, ಎಂದರೆ ಮೆಮರಿ, ಬೇಕು. ಹಾರ್ಡ್ ಡಿಸ್ಕ್ ಬೇಕು. ಕೀಲಿಮಣೆಯೂ ಪರದೆಯೂ ಬೇಕು. ಯಾರಿಗೆ ಯಾವುದನ್ನು ಎಷ್ಟು ಹೊತ್ತು ಕೊಡಬೇಕೆಂಬುದನ್ನು ನಿರ್ಧರಿಸುವ ಮೇಲ್ವಿಚಾರಕನೊಬ್ಬನು ಇರಲೇಬೇಕಷ್ಟೆ. ಆ ಮೇಲ್ವಿಚಾರಕನೇ ಕಾರ್ಯಾಚರಣ ವ್ಯವಸ್ಥೆ. ಶಾಲೆಯಲ್ಲಿ ವೇಳಾಪತ್ರಿಕೆಯು ಮಾಡುವ ಕೆಲಸವನ್ನು ಅದು ಯಂತ್ರದೊಳಗೆ ಮಾಡುತ್ತದೆ. ನಮ್ಮ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಅದರ ಮೊದಲ ಆವೃತ್ತಿಯು 1985ರ ನವೆಂಬರಿನಲ್ಲಿ ಹೊರಬಂದಿತು.

ಈ ವ್ಯವಸ್ಥೆಯಲ್ಲಿ ಎರಡು ಅಂತಸ್ತುಗಳಿವೆಯೆಂದು ತಿಳಿಯಿರಿ. ಮೇಲಿನ ಅಂತಸ್ತಿನಲ್ಲಿ ನಮ್ಮ ಸಾಮಾನ್ಯ ತಂತ್ರಾಂಶಗಳು ಕೆಲಸ ಮಾಡುತ್ತವೆ. ಕೆಳಗಿನ ಅಂತಸ್ತಿನಲ್ಲಿ ವ್ಯವಸ್ಥೆಯ ತಿರುಳೂ, ಮುದ್ರಣಯಂತ್ರ ಮೊದಲಾದ ಉಪಕರಣಗಳನ್ನು ನಡೆಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶಗಳೂ ಇರುತ್ತವೆ. ಒಂದು ವರ್ಗದಲ್ಲಿ ಒಬ್ಬ ಹುಡುಗನಿಗೆ ಜ್ವರ ಬಂದರೆ ಅವನನ್ನು ಮನೆಗೆ ಕಳಿಸುತ್ತೇವೆ, ಪಾಠವು ಮುಂದುವರಿಯುತ್ತದೆ. ಆದರೆ ಶಾಲೆಯ ಕುಡಿಯುವ ನೀರಿನ ತೊಟ್ಟಿಯೇ ಕೆಟ್ಟಿದೆಯೆಂದು ಸಂಶಯ ಬಂದರೆ ಶಾಲೆಯನ್ನೇ ಆ ದಿನ ಮುಚ್ಚಬೇಕಾಗುತ್ತದೆ. ಅಂತೆಯೇ ಮೇಲಿನ ಅಂತಸ್ತಿನ ತಂತ್ರಾಂಶವೊಂದು ತಪ್ಪಿದರೆ ವಿಂಡೋಸ್ ಅದೊಂದನ್ನೇ ಮುಚ್ಚುತ್ತದೆ. ಕೆಳಗಿನ ಅಂತಸ್ತಿನಲ್ಲಿ ತಪ್ಪಾದರೆ ಯಾವುದನ್ನು ನಂಬಬೇಕೆಂಬುದೇ ತಿಳಿಯದಾಗುತ್ತದೆ. ಆ ಸ್ಥಿತಿಯಲ್ಲಿ ಬರೆಯುತ್ತ ಹೋದರೆ ಡಿಸ್ಕಿನಲ್ಲಿರುವ ಒಳ್ಳೆಯ ಕಡತಗಳೂ ಕೆಡುವ ಸಂಭವವುಂಟು. ಆದುದರಿಂದ ಅದು ಎಲ್ಲವನ್ನೂ ನಿಲ್ಲಿಸಿ, ಕಾರಣದ ಹೆಸರನ್ನು ಪರದೆಯ ಮೇಲೆ ಬರೆಯುತ್ತದೆ. ಇದೇ ಆ ನೀಲಿ ಪರದೆ. ವಿಂಡೋಸ್ 11ರಲ್ಲಿ 2025ರಿಂದ ಇದನ್ನು ಕಪ್ಪು ಬಣ್ಣಕ್ಕೆ ಬದಲಿಸಿದ್ದಾರೆ. ಬಣ್ಣವು ಯಾವುದೇ ಇರಲಿ, ಅರ್ಥವು ಒಂದೇ: ಎಳೆಯು ಹರಿದಿದೆ, ಬಟ್ಟೆಯು ಕೆಡದಿರಲೆಂದು ನಿಂತಿದ್ದೇನೆ.

ಇದಕ್ಕೆ ಜಗತ್ತೆಲ್ಲವೂ ಕಂಡ ಉದಾಹರಣೆಯೊಂದಿದೆ. 2024ನೆಯ ಇಸವಿ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಅಮೇರಿಕೆಯ ಸಂಸ್ಥೆಯು ದೊಡ್ಡ ದೊಡ್ಡ ಕಚೇರಿಗಳ ಗಣಕಯಂತ್ರಗಳನ್ನು ಕಳ್ಳದಾಳಿಗಳಿಂದ ಕಾಯುವ ತಂತ್ರಾಂಶವನ್ನು ಒದಗಿಸುತ್ತದೆ. ಕಾವಲುಗಾರನು ಎಲ್ಲ ಕೋಣೆಗಳನ್ನೂ ನೋಡಬೇಕಾದುದರಿಂದ ಆ ತಂತ್ರಾಂಶಕ್ಕೆ ಕೆಳಗಿನ ಅಂತಸ್ತಿನಲ್ಲಿಯೇ ಸ್ಥಾನವಿತ್ತು. ಅಂದು ಭಾರತದ ವೇಳೆಯಂತೆ ಮುಂಜಾನೆ 9 ಗಂಟೆ 39 ನಿಮಿಷಕ್ಕೆ ಆ ಸಂಸ್ಥೆಯು ಹೊಸದೊಂದು ಸೂಚನಾ ಕಡತವನ್ನು ಜಗತ್ತಿನಾದ್ಯಂತ ಕಳಿಸಿತು. ಆ ಕಡತವು 21ನೆಯ ಕಲಮಿನಲ್ಲಿರುವುದನ್ನು ಓದೆಂದು ಹೇಳುತ್ತಿತ್ತು. ಯಂತ್ರದೊಳಗಿನ ತಂತ್ರಾಂಶದ ಬಳಿ ಇದ್ದುದು 20 ಕಲಮುಗಳು ಮಾತ್ರ. ಹಾಜರಿ ಪುಸ್ತಕದಲ್ಲಿ 20 ಹೆಸರುಗಳಿರುವಾಗ 21ನೆಯದನ್ನು ಓದಲು ಹೋದಂತಾಯಿತು. ಇಲ್ಲದ ಸ್ಥಳದಲ್ಲಿ ಓದಲು ಹೋದ ಕೂಡಲೇ ವಿಂಡೋಸ್ ನಿಂತಿತು. 78 ನಿಮಿಷಗಳಲ್ಲಿ, ಎಂದರೆ 10 ಗಂಟೆ 57 ನಿಮಿಷಕ್ಕೆ, ಸಂಸ್ಥೆಯು ಕಡತವನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳಿಗೆ ತೊಂದರೆ ತಟ್ಟಿತೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅದು ಜಗತ್ತಿನ ಎಲ್ಲ ವಿಂಡೋಸ್ ಯಂತ್ರಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ಬೆಂಗಳೂರು, ಮುಂಬಯಿ, ದೆಹಲಿಗಳ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಾಲುಗಟ್ಟಿ ನಿಲ್ಲಬೇಕಾಯಿತು. ನಮ್ಮ ದೇಶದ ವಿಮಾನ ಪ್ರಯಾಣಿಕರಲ್ಲಿ ಕೆಲವರಿಗೆ ಪ್ರವೇಶಪತ್ರವನ್ನು ಕೈಯಿಂದಲೇ ಬರೆದುಕೊಟ್ಟರು.

ಅದರ ಪರಿಹಾರವೇನಿತ್ತು? ಯಂತ್ರವನ್ನು ಸೇಫ್ ಮೋಡ್ ಎಂಬ ಮಿತವಾದ ಸ್ಥಿತಿಯಲ್ಲಿ ಎಬ್ಬಿಸಿ, ನಿರ್ದಿಷ್ಟವಾದ ಒಂದು ಜಾಗದಲ್ಲಿ ‘ಸಿ-00000291’ ಎಂದು ಹೆಸರು ಮೊದಲಾಗುವ ಕಡತವನ್ನು ತೆಗೆದುಹಾಕಿ, ಮತ್ತೆ ಚಾಲೂ ಮಾಡುವುದು, ಇಷ್ಟೇ. ಹೊಸ ಯಂತ್ರವು ಬೇಕಾಗಲಿಲ್ಲ. ಬಳಕೆದಾರರ ಕಡತಗಳನ್ನು ಅಳಿಸಬೇಕಾಗಲಿಲ್ಲ. ಆದರೆ ಏಳಲಾರದ ಯಂತ್ರಕ್ಕೆ ದೂರದಿಂದ ಔಷಧ ಕೊಡುವುದು ಕಷ್ಟವಾದುದರಿಂದ ಅನೇಕ ಕಡೆಗಳಲ್ಲಿ ಸಿಬ್ಬಂದಿಯವರು ಒಂದೊಂದೇ ಯಂತ್ರದ ಮುಂದೆ ಕುಳಿತು ಈ ಕೆಲಸವನ್ನು ಮಾಡಬೇಕಾಯಿತು. ಇಷ್ಟು ದೊಡ್ಡ ಅನಾಹುತವು ನಾಲ್ಕು ಸಾಲಿನ ಸೂಚನೆಯನ್ನು ಸರಿಯಾಗಿ ಓದಿ, ಅದರಂತೆ ನಡೆದವರ ಕೈಯಿಂದ ಪರಿಹಾರವಾಯಿತೆಂಬುದನ್ನು ವಿದ್ಯಾರ್ಥಿಗಳು ಲಕ್ಷ್ಯದಲ್ಲಿಡಬೇಕು.

ಇನ್ನು ನಮ್ಮ ಮನೆಯ ಯಂತ್ರದ ವಿಚಾರ. ಇಲ್ಲಿ ಪಾಲಿಸತಕ್ಕ ನಿಯಮವು ಒಂದೇ: ಕಡಿಮೆ ಹಾನಿಯ ಉಪಾಯದಿಂದ ಆರಂಭಿಸಿ, ಅದು ಫಲಿಸದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮೊಟ್ಟಮೊದಲು ಓದಬೇಕು. ಪರದೆಯ ಕೆಳಭಾಗದಲ್ಲಿ ‘ಸ್ಟಾಪ್ ಕೋಡ್’ ಎಂಬ ಮಾತಿನ ಮುಂದೆ ದೋಷದ ಹೆಸರಿರುತ್ತದೆ. ಕೆಲವು ಸಲ ತಪ್ಪು ಮಾಡಿದ ಕಡತದ ಹೆಸರೂ ಇರುತ್ತದೆ. ಅದನ್ನು ಅಕ್ಷರಶಃ ಬರೆದುಕೊಳ್ಳಿರಿ, ಇಲ್ಲವೆ ಮೊಬೈಲಿನಿಂದ ಚಿತ್ರ ತೆಗೆಯಿರಿ. ಯಂತ್ರವು ದೋಷದ ವಿವರಗಳನ್ನು ಸಂಗ್ರಹಿಸುತ್ತ ನೂರರವರೆಗೆ ಎಣಿಸುತ್ತಿದ್ದರೆ ಅದು ಮುಗಿಯುವವರೆಗೆ ತಾಳಿರಿ. ಅದು ತಾನಾಗಿ ಮತ್ತೆ ಎದ್ದು, ಅನಂತರ ಆ ದೋಷವು ಮರುಕಳಿಸದಿದ್ದರೆ ಏನನ್ನೂ ಮಾಡಬೇಕಾಗಿಲ್ಲ. ಒಂದು ಸಲ ಸೀನಿದವನಿಗೆ ಶಸ್ತ್ರಚಿಕಿತ್ಸೆಯೇಕೆ?

ದೋಷವು ಮರುಕಳಿಸಿದರೆ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇತ್ತೀಚೆಗೆ ಬದಲಾದುದೇನು? ಹೊಸ ಮುದ್ರಣಯಂತ್ರವನ್ನು ಜೋಡಿಸಿದಿರೋ, ಹೊಸ ಆಟವನ್ನು ತುಂಬಿದಿರೋ, ವಿಂಡೋಸ್ ತಾನೇ ಹೊಸ ಅಪ್‌ಡೇಟ್ ಹಾಕಿಕೊಂಡಿತೋ? ಬದಲಾದುದೇ ಬಹುಶಃ ಕಾರಣವಾಗಿರುತ್ತದೆ. ಯಂತ್ರವನ್ನು ಆರಿಸಿ, ಕೀಲಿಮಣೆ ಮತ್ತು ಮೌಸ್ ಹೊರತು ಉಳಿದುದೆಲ್ಲವನ್ನೂ ಬಿಡಿಸಿ ನೋಡಿರಿ. ಚುಚ್ಚಿಟ್ಟು ಮರೆತ ಪೆನ್‌ಡ್ರೈವ್ ಒಂದರಿಂದಲೇ ಯಂತ್ರವು ಏಳದಿರುವುದುಂಟು; ಅದು ವಿಂಡೋಸನ್ನು ಪೆನ್‌ಡ್ರೈವಿನಲ್ಲಿ ಹುಡುಕುತ್ತಿರುತ್ತದೆ.

ಯಾವ ಸಂದೇಶವನ್ನೂ ಬರೆಯದೆ, ಸ್ವಲ್ಪ ಹೊತ್ತು ನಡೆದು ಥಟ್ಟನೆ ಆರಿಹೋಗುವ ಯಂತ್ರದ ರೋಗವು ಬೇರೆ. ಅದು ಅನೇಕ ವೇಳೆ ಕಾವಿನಿಂದಾಗುತ್ತದೆ. ಮಗ್ಗಗಳಿರುವ ಮನೆಗಳಲ್ಲಿ ಹತ್ತಿಯ ಹುಡಿಯು ಯಂತ್ರದೊಳಗಿನ ಪಂಖದಲ್ಲಿ ಕೂತು ಗಾಳಿಯನ್ನು ತಡೆಯುತ್ತದೆ. ವಿದ್ಯುತ್ತು ಹೋಗಿ ಬರುವಾಗಿನ ಏರಿಳಿತವೂ ಕಾರಣವಾಗಬಹುದು. ಇದಕ್ಕೆ ಧೂಳು ತೆಗೆಯುವುದೂ, ಯುಪಿಎಸ್ ಇರಿಸುವುದೂ ಮದ್ದು.

ಯಂತ್ರವು ಏಳಲಾರದೆ ಎರಡು ಮೂರು ಸಲ ಬಿದ್ದರೆ ವಿಂಡೋಸ್ ತಾನಾಗಿಯೇ ದುರಸ್ತಿಯ ಪರದೆಯನ್ನು ತೆರೆಯುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಶನ್ಸ್’, ಅದರೊಳಗೆ ‘ಸ್ಟಾರ್ಟಪ್ ಸೆಟಿಂಗ್ಸ್’ ಎಂದು ಕ್ರಮವಾಗಿ ಆರಿಸಿ, ಯಂತ್ರವು ಮರಳಿ ಎದ್ದಾಗ 4 ಎಂಬ ಅಂಕಿಯನ್ನು ಒತ್ತಿದರೆ ಮೇಲೆ ಹೇಳಿದ ಸೇಫ್ ಮೋಡ್ ದೊರೆಯುತ್ತದೆ. ಇಲ್ಲಿ ವಿಂಡೋಸ್ ತೀರ ಅವಶ್ಯವಾದ ಡ್ರೈವರ್‌ಗಳನ್ನಷ್ಟೇ ಎಬ್ಬಿಸುತ್ತದೆ. ಈ ಸ್ಥಿತಿಯಲ್ಲಿ ಯಂತ್ರವು ನೆಟ್ಟಗೆ ನಡೆದರೆ ದೋಷವು ಹೊರಗಿನಿಂದ ಸೇರಿದ ತಂತ್ರಾಂಶದಲ್ಲಿದೆಯೆಂದು ಊಹಿಸಬಹುದು; ಹೊಸದಾಗಿ ಬಂದುದನ್ನು ತೆಗೆದು ನೋಡಬೇಕು. ಇಲ್ಲಿಯೂ ನಿಂತರೆ ಸ್ಮೃತಿಯ ಪಟ್ಟಿಯೋ ಡಿಸ್ಕೋ ಸವೆದಿರಬಹುದು. ಸ್ಮೃತಿಯನ್ನು ಪರೀಕ್ಷಿಸಲು ‘ಮೆಮರಿ ಡಯಾಗ್ನೊಸ್ಟಿಕ್’ ಎಂಬ ಸಾಧನವು ವಿಂಡೋಸಿನಲ್ಲಿಯೇ ಇದೆ. ಹಳೆಯ ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸಪ್ಪಳವು ಕೇಳತೊಡಗಿದರೆ ಬೇರೆ ಪರೀಕ್ಷೆಗಳನ್ನೆಲ್ಲ ಬಿಟ್ಟು, ಕಡತಗಳನ್ನು ಹೊರಗೆ ತೆಗೆಯುವುದೇ ಮೊದಲ ಕೆಲಸ.

ದುರಸ್ತಿಯ ಪರದೆಯಲ್ಲಿ ‘ರಿ’ ಎಂಬ ಧ್ವನಿಯಿಂದಲೇ ಮೊದಲಾಗುವ ನಾಲ್ಕು ಇಂಗ್ಲಿಷ್ ಮಾತುಗಳು ಬರುತ್ತವೆ. ಇವುಗಳ ಭೇದವನ್ನರಿಯದೆ ಕೆಟ್ಟವರು ಬಹಳ ಮಂದಿ. ಆದ್ದರಿಂದ ವಿದ್ಯಾರ್ಥಿಗಳು ಇವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ‘ರೀಸ್ಟಾರ್ಟ್’ ಎಂದರೆ ಆರಿಸಿ ಮತ್ತೆ ಚಾಲೂ ಮಾಡುವುದು. ‘ರಿಪೇರ್’ ಎಂದರೆ ಏಳುವುದಕ್ಕೆ ಅಡ್ಡಿಯಾದುದನ್ನು ವಿಂಡೋಸ್ ತಾನೇ ಹುಡುಕಿ ಸರಿಪಡಿಸಲು ಯತ್ನಿಸುವುದು. ‘ರಿಸ್ಟೋರ್’ ಎಂದರೆ ವ್ಯವಸ್ಥೆಯನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುವುದು. ಇದಕ್ಕಾಗಿ ಆ ದಿನದ ಗುರುತನ್ನು ಯಂತ್ರವು ಮೊದಲೇ ಇಟ್ಟಿರಬೇಕು. ಆ ದಿನದ ತರುವಾಯ ತುಂಬಿದ ತಂತ್ರಾಂಶಗಳು ಹೋಗುತ್ತವೆ, ನಾವು ಬರೆದ ಕಡತಗಳು ಉಳಿಯುತ್ತವೆ. ನಾಲ್ಕನೆಯದಾದ ‘ರೀಸೆಟ್’ ಮಾತ್ರ ಉಳಿದ ಮೂರರಂತಲ್ಲ. ಅದು ವಿಂಡೋಸನ್ನು ಹೊಸದಾಗಿ ಹೂಡುತ್ತದೆ. ಆಗ ‘ಕೀಪ್ ಮೈ ಫೈಲ್ಸ್’ ಎಂಬುದನ್ನು ಆರಿಸಿದರೆ ಕಡತಗಳು ಉಳಿದು ತಂತ್ರಾಂಶಗಳು ಹೋಗುತ್ತವೆ. ‘ರಿಮೂವ್ ಎವ್ರಿಥಿಂಗ್’ ಎಂಬುದನ್ನು ಆರಿಸಿದರೆ ಸರ್ವಸ್ವವೂ ಹೋಗುತ್ತದೆ. ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ’ ಎಂದರೆ ಇದೇ ಸರ್ವನಾಶದ ಅರ್ಥವೆಂದು ಪಾಲಕರು ತಿಳಿದು, ‘ಮೊದಲು ಕಡತಗಳನ್ನು ತೆಗೆದುಕೊಡಿರಿ’ ಎಂದು ಸ್ಪಷ್ಟವಾಗಿ ಹೇಳಬೇಕು.

ಹೊಸ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯು ಅವಶ್ಯ. ಅನೇಕ ಯಂತ್ರಗಳಲ್ಲಿ ಡಿಸ್ಕಿನ ಬರಹವೆಲ್ಲವೂ ಗುಪ್ತಲಿಪಿಯಲ್ಲಿರುತ್ತದೆ. ಕಳವಾದರೆ ಕಳ್ಳನು ಓದಲಾರದಂತೆ ಮಾಡಿದ ಏರ್ಪಾಡಿದು. ದುರಸ್ತಿಯ ವೇಳೆಯಲ್ಲಿ ಯಂತ್ರವು 48 ಅಂಕಿಗಳ ಒಂದು ಕೀಲಿಯನ್ನು ಕೇಳಬಹುದು. ಕೊಡಲಾರದಿದ್ದರೆ ಒಡೆಯನೂ ಕಳ್ಳನಂತೆ ಹೊರಗೆಯೇ ನಿಲ್ಲಬೇಕಾಗುತ್ತದೆ. 2024ರ ಜುಲೈಯಲ್ಲಿ ದೊಡ್ಡ ಕಚೇರಿಗಳಿಗೂ ಇದೇ ಕೀಲಿಯು ತೊಡಕನ್ನೊಡ್ಡಿತು. ಯಂತ್ರವನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆರೆದಿದ್ದರೆ ಆ ಕೀಲಿಯು ಸಾಮಾನ್ಯವಾಗಿ ಆ ಖಾತೆಯಲ್ಲಿಯೇ ಇರುತ್ತದೆ. ಯಂತ್ರವು ಆರೋಗ್ಯದಿಂದಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು, ರೇಶನ್ ಕಾರ್ಡಿನ ಜೊತೆಗಿಡಿರಿ.

ದೋಷವೇ ಅಲ್ಲದುದನ್ನು ದೋಷವೆಂದು ಭ್ರಮಿಸುವುದೂ ಉಂಟು. ಹಿಂದೆ ನುಡಿಯಲ್ಲಿಯೋ ಬರಹದಲ್ಲಿಯೋ ಹಳೆಯ ಅಕ್ಷರಶೈಲಿಯಿಂದ ಬರೆದಿಟ್ಟ ಕನ್ನಡ ಲೇಖನವನ್ನು ಇಲ್ಲಿಯ ಮರಾಠಿ ಕಚೇರಿಯ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಬಹುದು. ಬರಹವು ಕೆಟ್ಟಿಲ್ಲ, ಅದನ್ನು ತೋರಿಸುವ ಅಕ್ಷರಶೈಲಿಯು ಆ ಯಂತ್ರದಲ್ಲಿಲ್ಲ, ಅಷ್ಟೇ. ಯುನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಬರೆದರೆ ಈ ತೊಂದರೆಯಿಲ್ಲ. ಹಳೆಯ ಲೇಖನಗಳನ್ನು ಅದಕ್ಕೆ ಪರಿವರ್ತಿಸಲು ಬರುತ್ತದೆ, ಅಳಿಸುವ ಕಾರಣವಿಲ್ಲ.

ಮತ್ತೊಂದು ಬಗೆಯ ಸುಳ್ಳು ದೋಷವು ಅಪಾಯಕರವಾದುದು. ಅಂತರ್ಜಾಲವನ್ನು ನೋಡುತ್ತಿರುವಾಗ ನೀಲಿ ಪರದೆಯಂತೆಯೇ ಕಾಣುವ ಚಿತ್ರವೊಂದು ಮೂಡಿ, ‘ನಿಮ್ಮ ಯಂತ್ರವು ಬಂದಾಗಿದೆ, ಈ ನಂಬರಿಗೆ ಫೋನ್ ಮಾಡಿರಿ’ ಎಂದು ಅಬ್ಬರಿಸುತ್ತದೆ. ಇದು ಠಕ್ಕರ ಬಲೆ. ವಿಂಡೋಸಿನ ನಿಜವಾದ ದೋಷಪರದೆಯು ಫೋನ್ ಮಾಡೆಂದು ಎಂದಿಗೂ ಹೇಳುವುದಿಲ್ಲ. ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಕೂಡಿಯೇ ಒತ್ತಿ ಆ ಪುಟವನ್ನು ಮುಚ್ಚಿರಿ. ಮುಚ್ಚದಿದ್ದರೆ ಯಂತ್ರವನ್ನೇ ಆರಿಸಿರಿ. ಒಂದು ವೇಳೆ ಹಣವು ಹೋಗಿದ್ದರೆ ನಾಚಿಕೊಂಡು ಸುಮ್ಮನಿರದೆ ತತ್‌ಕ್ಷಣ 1930 ಎಂಬ ಸರಕಾರಿ ಸಹಾಯವಾಣಿಗೆ ತಿಳಿಸಬೇಕು. ಬೇಗ ತಿಳಿಸಿದಷ್ಟು ಹಣವನ್ನು ತಡೆಹಿಡಿಯುವ ಆಸೆಯು ಹೆಚ್ಚು.

ಇಷ್ಟೆಲ್ಲ ವಿವರಿಸಿದುದರ ಸಾರವೇನು? ಯಂತ್ರವು ಕೊಂಡದ್ದು, ಕೆಟ್ಟರೆ ಇನ್ನೊಂದು ಸಿಕ್ಕೀತು. ಅದರೊಳಗಿನ ಬರಹ, ಅಂಕಪಟ್ಟಿ, ತೀರಿಕೊಂಡ ಅಜ್ಜನ ಭಾವಚಿತ್ರ, ಇವು ಎಲ್ಲಿಯೂ ಮಾರಾಟಕ್ಕಿಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈಯ ಮಹಾಪೂರಗಳಲ್ಲಿ ಪಂಚಗಂಗೆಯ ನೀರು ಕೊಲ್ಹಾಪುರ ಜಿಲ್ಲೆಯ ಎಷ್ಟೋ ಮನೆಗಳನ್ನು ಹೊಕ್ಕಿತು. ನೀರಿಗೆ ಕಾಗದವೆಂದೂ ಗಣಕಯಂತ್ರವೆಂದೂ ಭೇದವಿಲ್ಲ. ಒಂದೇ ಕಡೆಗೆ ಒಂದೇ ಪ್ರತಿಯನ್ನಿಟ್ಟವರು ಕಳೆದುಕೊಂಡರು. ಆದ್ದರಿಂದ ಬಲ್ಲವರು ಹೇಳುವ ನಿಯಮವು ಹೀಗಿದೆ: ಪ್ರತಿಗಳು ಮೂರಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಸ್ಥಳದಲ್ಲಿರಲಿ. ಇಚಲಕರಂಜಿಯಲ್ಲಿ ವಾಸಿಸುವವರು ಒಂದು ಪ್ರತಿಯನ್ನು ಯಂತ್ರದಲ್ಲಿ, ಒಂದನ್ನು ಪೆನ್‌ಡ್ರೈವಿನಲ್ಲಿಟ್ಟು, ಮೂರನೆಯದನ್ನು ಗಡಹಿಂಗ್ಲಜದ ಸೋದರಮಾವನ ಮನೆಯಲ್ಲಿಯೋ ಅಂತರ್ಜಾಲದ ಭಂಡಾರದಲ್ಲಿಯೋ ಇಡಬಹುದು. ಸರಕಾರವು 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಎಂಬ ವ್ಯವಸ್ಥೆಯಲ್ಲಿ ದಾಖಲೆಗಳ ಅಧಿಕೃತ ಪ್ರತಿಗಳನ್ನು ಪಡೆಯಬಹುದು.

ಕಡೆಯದಾಗಿ ಭಾಷೆಯ ಮಾತು. ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಇಂಗ್ಲಿಷಿನ ದೋಷಸಂದೇಶವು ಅರ್ಥವಾಗಲಾರದೆಂದು ಪಾಲಕರು ಆಗಾಗ ಕಳವಳಪಡುವುದನ್ನು ನಾವು ಕೇಳುತ್ತೇವೆ. ವಿಂಡೋಸಿಗೆ ಕನ್ನಡದ ಹೊದಿಕೆಯು ದೊರೆಯುತ್ತದೆ. ಆದರೂ ದೋಷದ ಹೆಸರು ಇಂಗ್ಲಿಷಿನಲ್ಲಿಯೇ ಇರುತ್ತದೆ. ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂಬ ಸಂದೇಶವು ಇಂಗ್ಲಿಷ್ ಮಾಧ್ಯಮದ ಹುಡುಗನಿಗಾದರೂ ಓದಿದ ಕೂಡಲೇ ತಿಳಿಯತಕ್ಕದ್ದಲ್ಲ. ಅದನ್ನು ತಪ್ಪಿಲ್ಲದೆ ಬರೆದುಕೊಂಡು, ತಿಳಿದವರಿಗೆ ತೋರಿಸಿ, ಹೇಳಿದುದನ್ನು ಕ್ರಮವಾಗಿ ಮಾಡುವವನಿಗೆ ಅದು ವಶವಾಗುತ್ತದೆ. ನೋಡುವುದು, ಬರೆದಿಡುವುದು, ಒಂದೊಂದನ್ನೇ ಬದಲಿಸಿ ಪರೀಕ್ಷಿಸುವುದು, ಇವು ವಿಜ್ಞಾನದ ತಾಸಿನಲ್ಲಿ ನಾವು ಕನ್ನಡದಲ್ಲಿಯೇ ಕಲಿಸುವ ಪಾಠಗಳು.

ಯಂತ್ರವಿರುವ ಪ್ರತಿಯೊಂದು ಮನೆಯಲ್ಲಿಯೂ ಅದರ ಪಕ್ಕಕ್ಕೆ ನಲವತ್ತು ಪುಟದ ಒಂದು ವಹಿಯನ್ನು ಇಡಬೇಕೆಂದು ಪಾಲಕರಲ್ಲಿ ನಮ್ಮ ವಿಜ್ಞಾಪನೆ. ಯಂತ್ರವು ನಿಂತ ದಿನಾಂಕ, ವೇಳೆ, ಆಗ ಮಾಡುತ್ತಿದ್ದ ಕೆಲಸ, ಪರದೆಯ ಮೇಲಿನ ಮಾತು, ಅನಂತರ ಮಾಡಿದ ಉಪಾಯ, ಅದರ ಫಲ, ಇವನ್ನು ಮಕ್ಕಳೇ ಅದರಲ್ಲಿ ಬರೆಯಲಿ. ಮೊದಲನೆಯ ಪುಟದಲ್ಲಿ ಆ ನಾಲ್ಕು ‘ರಿ’ ಮಾತುಗಳ ಅರ್ಥವನ್ನು ದೊಡ್ಡ ಅಕ್ಷರಗಳಿಂದ ಬರೆದು, ನಾಲ್ಕನೆಯದರ ಕೆಳಗೆ ಎರಡು ಗೆರೆಗಳನ್ನು ಎಳೆಯಲಿ. ಈ ರವಿವಾರವೇ ಎರಡನೆಯ ಪ್ರತಿಯನ್ನೂ ಮಾಡಿಡಲಿ.